ಲೇಖನಿಯನ್ನೇ ನಂಬಿದ ಪ್ರೇಮಚಂದರು

ಕಥೆಯನ್ನು ರಚಿಸುವುದು ಒಂದು ವಿದ್ಯೆ. ರಚಿಸಿದ ಕಥೆಯಿಂದ ಸಂಸಾರವನ್ನು ಸಾಗಿಸುವುದು ಇನ್ನೊಂದು ವಿದ್ಯೆ. ಮೊದಲನೆಯದು ಒಲಿದವರಿಗೆಲ್ಲ ಎರಡನೆಯದು ಒಲಿಯುವುದಿಲ್ಲ. ಹಿಂದಿ ಮತ್ತು ಉರ್ದು ಭಾಷೆಗಳೆರಡರಲ್ಲಿಯೂ ಆಧುನಿಕ ಕಥಾಸಾಹಿತ್ಯಕ್ಕೆ ಭದ್ರವಾದ ಅಡಿಗಲ್ಲನ್ನಿಟ್ಟ ಮುನ್ಷಿ ಪ್ರೇಮಚಂದರು ಸುಮಾರು ಮುನ್ನೂರು ಕಥೆಗಳನ್ನೂ ಹನ್ನೆರಡರಷ್ಟು ಕಾದಂಬರಿಗಳನ್ನೂ ಬರೆದರು. ಆದರೂ ಹಣದ ಚಿಂತೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಅನ್ನಕ್ಕೂ ಲೇಖನಿಗೂ ವಿರೋಧವೊದಗಿದ ಸಂದರ್ಭಗಳಲ್ಲಿ ಅವರು ನಡೆದುಕೊಂಡ ರೀತಿಯನ್ನು ತಿಳಿಯುವುದೆಂದರೆ ಅವರ ಜೀವನದ ಸಾರವನ್ನೇ ತಿಳಿದಂತೆ.

ಕಾಶಿಯ ಸಮೀಪದ ಲಮಹಿ ಎಂಬ ಗ್ರಾಮದಲ್ಲಿ 1880ನೆಯ ಇಸವಿಯ ಜುಲೈ 31ರಂದು ಅವರು ಜನಿಸಿದರು. ತಂದೆತಾಯಿಗಳು ಇಟ್ಟ ಹೆಸರು ಧನಪತರಾಯ. ತಂದೆ ಅಂಚೆಯ ಕಚೇರಿಯಲ್ಲಿ ಗುಮಾಸ್ತರು. ಎಳವೆಯಲ್ಲಿಯೇ ತಾಯಿ ತೀರಿಕೊಂಡರು. ಮೌಲ್ವಿಯೊಬ್ಬರ ಬಳಿ ಉರ್ದು, ಪಾರಸಿಗಳ ಅಭ್ಯಾಸವಾಯಿತು. ಗೋರಖಪುರದಲ್ಲಿ ಓದುತ್ತಿದ್ದಾಗ ಈ ಬಾಲಕನಿಗೆ ಕಥೆಗಳ ಹುಚ್ಚು ಹತ್ತಿತು. ಪುಸ್ತಕ ಕೊಳ್ಳಲು ಕೈಯಲ್ಲಿ ಕಾಸಿರಲಿಲ್ಲ. ಪುಸ್ತಕದ ಅಂಗಡಿಯವನೊಬ್ಬನಿಂದ ಪಠ್ಯಗಳ ಟಿಪ್ಪಣಿಗಳನ್ನು ಕೊಂಡೊಯ್ದು ಶಾಲೆಯಲ್ಲಿ ಮಾರಿಕೊಡುವುದು, ಅದಕ್ಕೆ ಪ್ರತಿಯಾಗಿ ಕಾದಂಬರಿಗಳನ್ನು ಮನೆಗೆ ಒಯ್ದು ಓದಿ ಹಿಂದಿರುಗಿಸುವುದು ಎಂಬ ಒಪ್ಪಂದವಾಯಿತು. ಪುಸ್ತಕ ವ್ಯಾಪಾರದ ಮೊದಲ ಪಾಠ ಅವರಿಗೆ ಹೀಗೆ ದೊರೆಯಿತು. ಆ ವ್ಯಾಪಾರದಲ್ಲಿ ಅವರು ಬಯಸಿದ ಲಾಭ ಓದು ಮಾತ್ರ.

ಹದಿನೈದರಲ್ಲಿ ವಿವಾಹವಾಯಿತು. 1897ರಲ್ಲಿ ತಂದೆಯೂ ತೀರಿಕೊಂಡು, ಸಂಸಾರದ ಭಾರವೆಲ್ಲ ಅವರ ಹೆಗಲಿಗೇರಿತು. ವಕೀಲರೊಬ್ಬರ ಮಗನಿಗೆ ತಿಂಗಳಿಗೆ ಐದು ರೂಪಾಯಿಗೆ ಪಾಠ ಹೇಳುತ್ತ, ಕುದುರೆ ಲಾಯದ ಮೇಲಿನ ಮಣ್ಣಿನ ಕೋಣೆಯಲ್ಲಿ ವಾಸಿಸುತ್ತ, ಬಂದದ್ದರಲ್ಲಿ ಹೆಚ್ಚು ಪಾಲನ್ನು ಮನೆಗೆ ಕಳುಹಿಸುತ್ತಿದ್ದರು. ಹಸಿವು ತಾಳಲಾರದ ಒಂದು ದಿನ, ಎರಡು ರೂಪಾಯಿಗೆ ಕೊಂಡಿದ್ದ ಗಣಿತದ ಟಿಪ್ಪಣಿ ಪುಸ್ತಕವನ್ನು ಒಂದು ರೂಪಾಯಿಗೆ ಮಾರಲು ಅಂಗಡಿಗೆ ಹೋದರು. ಚುನಾರಿನ ಮಿಷನ್ ಶಾಲೆಯ ಮುಖ್ಯೋಪಾಧ್ಯಾಯರೊಬ್ಬರು ಅಲ್ಲಿಯೇ ಇದ್ದರು. ಈ ತರುಣನನ್ನು ವಿಚಾರಿಸಿ, ತಿಂಗಳಿಗೆ ಹದಿನೆಂಟು ರೂಪಾಯಿ ಸಂಬಳದ ಅಧ್ಯಾಪಕ ವೃತ್ತಿಯನ್ನು ಕೊಟ್ಟರು. 1900ರಲ್ಲಿ ಬಹರಾಯಿಚಿನ ಸರ್ಕಾರಿ ಶಾಲೆಯಲ್ಲಿ ಕೆಲಸ ದೊರೆಯಿತು. ಅಲ್ಲಿಂದ ಮುಂದೆ ಎರಡು ದಶಕಗಳ ಕಾಲ ಹಗಲು ವಿದ್ಯಾ ಇಲಾಖೆಯ ಸೇವೆ, ಉಳಿದ ಹೊತ್ತಿನಲ್ಲಿ ಬರವಣಿಗೆ ಎಂಬಂತೆ ಅವರ ಬಾಳು ಸಾಗಿತು.

ಮೊದಮೊದಲು ಅವರು ‘ನವಾಬ್ ರಾಯ್’ ಎಂಬ ಹೆಸರಿನಿಂದ ಉರ್ದುವಿನಲ್ಲಿ ಬರೆಯುತ್ತಿದ್ದರು. 1908ರಲ್ಲಿ ‘ಸೋಜ್-ಎ-ವತನ್’ ಎಂಬ ಐದು ಕಥೆಗಳ ಸಂಕಲನ ಪ್ರಕಟವಾಯಿತು. ದೇಶಪ್ರೇಮವನ್ನು ಪ್ರತಿಪಾದಿಸಿದ ಈ ಕಥೆಗಳು ಆಂಗ್ಲ ಅಧಿಕಾರಿಗಳ ಕಣ್ಣಿಗೆ ರಾಜದ್ರೋಹವಾಗಿ ಕಂಡವು. ಹಮೀರಪುರ ಜಿಲ್ಲೆಯಲ್ಲಿ ಶಾಲೆಗಳ ತನಿಖಾಧಿಕಾರಿಯಾಗಿದ್ದ ಲೇಖಕರನ್ನು ಕಲೆಕ್ಟರು ಕರೆಸಿ ಗದರಿಸಿದರು. ಉಳಿದ ಪ್ರತಿಗಳು ಅಗ್ನಿಗೆ ಆಹುತಿಯಾದವು. ಇನ್ನು ಮುಂದೆ ಬರೆದದ್ದನ್ನೆಲ್ಲ ಮೊದಲು ಅಧಿಕಾರಿಗಳಿಗೆ ತೋರಿಸಬೇಕೆಂಬ ನಿರ್ಬಂಧವೂ ಬಂತು. ಕೆಲಸವನ್ನು ಬಿಟ್ಟರೆ ಮನೆಯವರು ಉಪವಾಸ. ಬರವಣಿಗೆಯನ್ನು ಬಿಟ್ಟರೆ ಆತ್ಮಕ್ಕೇ ಉಪವಾಸ. ಆಗ ‘ಜಮಾನಾ’ ಪತ್ರಿಕೆಯ ಸಂಪಾದಕರೂ ಆತ್ಮೀಯ ಮಿತ್ರರೂ ಆಗಿದ್ದ ದಯಾನಾರಾಯಣ ನಿಗಮರು ಹೊಸ ಹೆಸರೊಂದನ್ನು ಸೂಚಿಸಿದರು. 1910ರಿಂದ ನವಾಬ್ ರಾಯರು ಮರೆಯಾಗಿ ‘ಪ್ರೇಮಚಂದ’ರು ಹುಟ್ಟಿದರು.

ಅವರು ಉರ್ದುವಿನಿಂದ ಹಿಂದಿಗೆ ಬಂದುದಕ್ಕೆ ಲೋಕವ್ಯವಹಾರದ ಕಾರಣವೂ ಇತ್ತು. ಉರ್ದುವಿನಲ್ಲಿ ಪ್ರಕಾಶಕರು ದೊರೆಯುವುದು ಕಷ್ಟವಾಗುತ್ತಿತ್ತು. ಹಿಂದಿಯ ಓದುಗರ ಸಂಖ್ಯೆ ವರ್ಧಿಸುತ್ತಿತ್ತು. ‘ಬಾಜಾರ್-ಎ-ಹುಸ್ನ್’ ಎಂಬ ಕಾದಂಬರಿಯನ್ನು ಅವರು ಬರೆದದ್ದು ಮೊದಲು ಉರ್ದುವಿನಲ್ಲಿ. ಬೆಳಕು ಕಂಡದ್ದು ‘ಸೇವಾಸದನ’ವೆಂಬ ಹೆಸರಿನಿಂದ ಹಿಂದಿಯಲ್ಲಿ. ಕಲಕತ್ತೆಯ ಪ್ರಕಾಶಕರು ಇದಕ್ಕೆ 450 ರೂಪಾಯಿಗಳನ್ನು ಕೊಟ್ಟರು. ಮೂಲ ಉರ್ದು ಪಾಠವು ಲಾಹೋರಿನಲ್ಲಿ ಅಚ್ಚಾದದ್ದು 1924ರಲ್ಲಿ; ಅದಕ್ಕೆ ಸಂದ ಸಂಭಾವನೆ 250 ರೂಪಾಯಿ. ಹಿಂದಿಗೆ ಬಂದ ಮೇಲೂ ಅವರು ಉರ್ದುವನ್ನು ತೊರೆಯಲಿಲ್ಲ. ಎರಡು ಲಿಪಿಗಳಲ್ಲಿಯೂ ಬರೆಯುತ್ತ, ಎರಡು ಸಮುದಾಯದ ಓದುಗರನ್ನೂ ಉಳಿಸಿಕೊಂಡರು.

ಅವರ ಕಥನವಿದ್ಯೆಯ ಗುಟ್ಟು ಸರಳವಾದುದು. ಘಟನೆಯೊಂದು ಸ್ವಾರಸ್ಯವಾಗಿದೆಯೆಂದ ಮಾತ್ರಕ್ಕೆ ಅವರು ಕಥೆ ಕಟ್ಟುತ್ತಿರಲಿಲ್ಲ. ಆ ಘಟನೆಯಲ್ಲಿ ಮನುಷ್ಯ ಸ್ವಭಾವದ ಯಾವುದಾದರೊಂದು ಸತ್ಯ ಹೊಳೆಯಬೇಕು. ಕಥೆಯು ಒಂದು ನಾಟಕೀಯವಾದ ತಿರುವನ್ನು ಮುಟ್ಟಬೇಕು. ಅವು ದೊರೆಯುವವರೆಗೆ ಲೇಖನಿಯನ್ನು ತಡೆಹಿಡಿಯುತ್ತಿದ್ದರು. ರಾಜಕುಮಾರರೂ ಮಾಯಾವಿಗಳೂ ಮೆರೆಯುತ್ತಿದ್ದ ಕಥಾಲೋಕಕ್ಕೆ ಸಾಲದಲ್ಲಿ ಮುಳುಗಿದ ರೈತನನ್ನೂ, ವರದಕ್ಷಿಣೆಗೆ ಬಲಿಯಾದ ಹೆಣ್ಣನ್ನೂ, ಬಾವಿಯ ನೀರು ದೊರೆಯದ ಅಸ್ಪೃಶ್ಯನನ್ನೂ ಅವರು ಕರೆತಂದರು.

1921ರ ಫೆಬ್ರವರಿ 8ರಂದು ಗಾಂಧೀಜಿಯವರು ಗೋರಖಪುರದಲ್ಲಿ ಭಾಷಣ ಮಾಡಿ, ಸರ್ಕಾರಿ ನೌಕರಿಯನ್ನು ತ್ಯಜಿಸಬೇಕೆಂದು ಕರೆಯಿತ್ತರು. ಪ್ರೇಮಚಂದರ ಆರೋಗ್ಯ ಕೆಟ್ಟಿತ್ತು, ಎರಡು ಮಕ್ಕಳಿದ್ದರು, ಪತ್ನಿ ಶಿವರಾಣಿ ದೇವಿಯವರು ಗರ್ಭಿಣಿ. ಕೆಲವು ದಿನಗಳ ಕಾಲ ಆಲೋಚಿಸಿ, ಪತ್ನಿಯ ಸಮ್ಮತಿಯನ್ನು ಪಡೆದು, ಎರಡು ದಶಕಗಳ ನೌಕರಿಗೆ ರಾಜೀನಾಮೆ ಕೊಟ್ಟರು. ಬಾಲವಿಧವೆಯಾಗಿದ್ದ ಶಿವರಾಣಿಯವರನ್ನು ಅವರು 1906ರಲ್ಲಿ ವರಿಸಿದ್ದರು. ಆಕೆಯೂ ಮುಂದೆ ಕಥೆಗಾರ್ತಿಯಾಗಿ ಹೆಸರು ಪಡೆದರು.

ತಿಂಗಳ ಸಂಬಳವಿಲ್ಲದ ಲೇಖಕನಿಗೆ ಸ್ವಂತ ಮುದ್ರಣಾಲಯವೇ ಆಸರೆಯಾದೀತೆಂದು ಭಾವಿಸಿ 1923ರಲ್ಲಿ ಕಾಶಿಯಲ್ಲಿ ‘ಸರಸ್ವತಿ ಪ್ರೆಸ್’ ಆರಂಭಿಸಿದರು. ಅದು ಆಸರೆಯಾಗುವ ಬದಲು ಹೊರೆಯಾಯಿತು. ಅದರ ನಷ್ಟವನ್ನು ತುಂಬಲು ಲಖನೌಗೆ ಹೋಗಿ ‘ಮಾಧುರಿ’ ಪತ್ರಿಕೆಯ ಸಂಪಾದಕತ್ವವನ್ನು ವಹಿಸಿಕೊಂಡರು. 1930ರಲ್ಲಿ ‘ಹಂಸ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು, 1932ರಲ್ಲಿ ‘ಜಾಗರಣ’ದ ಭಾರವನ್ನೂ ಹೊತ್ತರು. ‘ಗಬನ್’, ‘ಕರ್ಮಭೂಮಿ’ಗಳಂಥ ಕಾದಂಬರಿಗಳಿಂದ ಬಂದ ಹಣವನ್ನು ಪತ್ರಿಕೆಗಳು ನುಂಗಿದವು. ಪತ್ರಿಕೆಗಳನ್ನು ನಿಲ್ಲಿಸಿದ್ದರೆ ನಷ್ಟವೂ ನಿಲ್ಲುತ್ತಿತ್ತು; ಆದರೆ ಹೊಸ ಲೇಖಕರಿಗೆ ಅಂಗಳವೇ ಇಲ್ಲದಂತಾಗುತ್ತಿತ್ತು.

ಸಾಲ ತೀರಿಸುವ ಆಸೆಯಿಂದ 1934ರಲ್ಲಿ ಮುಂಬಯಿಯ ಅಜಂತಾ ಸಿನಿಟೋನ್ ಚಿತ್ರಸಂಸ್ಥೆಯನ್ನು ಸೇರಿದರು. ವರ್ಷಕ್ಕೆ 8,000 ರೂಪಾಯಿ ಸಂಭಾವನೆ. ಅವರ ಜೀವಮಾನದಲ್ಲಿ ಅದು ದೊಡ್ಡ ಮೊತ್ತ. ಅಲ್ಲಿ ಅವರು ಬರೆದ ‘ಮಜ್ದೂರ್’ ಚಿತ್ರದ ವಸ್ತು ಗಿರಣಿಯ ಕಾರ್ಮಿಕರ ಬವಣೆ. ಆ ಕಾಲದಲ್ಲಿಯೇ, ಸಂಬಳದ ಬಾಕಿಯ ಕಾರಣದಿಂದ ಕಾಶಿಯಲ್ಲಿ ಅವರದೇ ಮುದ್ರಣಾಲಯದ ಕೆಲಸಗಾರರು ಮುಷ್ಕರ ಹೂಡಿದರು. ಕಾರ್ಮಿಕರ ಪರವಾಗಿ ಬರೆದ ಕೈಯೇ ಕಾರ್ಮಿಕರಿಗೆ ಬಾಕಿ ಉಳಿಸಿಕೊಳ್ಳಬೇಕಾಗಿ ಬಂದ ಈ ಪ್ರಸಂಗವನ್ನು ಮುಚ್ಚಿಡುವಂತಿಲ್ಲ. ಲೇಖಕನು ವ್ಯಾಪಾರಕ್ಕಿಳಿದಾಗ ಸಜ್ಜನಿಕೆಯೊಂದೇ ಸಾಲದೆಂಬುದನ್ನು ಅದು ತಿಳಿಸುತ್ತದೆ. ಚಿತ್ರರಂಗದಲ್ಲಿ ಕಥೆಯನ್ನು ನಡೆಸುವವನು ಲೇಖಕನಲ್ಲವೆಂಬುದು ಮನವರಿಕೆಯಾದಾಗ, ಒಪ್ಪಂದದ ವರ್ಷ ತುಂಬುವ ಮೊದಲೇ, 1935ರ ಏಪ್ರಿಲಿನಲ್ಲಿ ಅವರು ಮುಂಬಯಿಯನ್ನು ಬಿಟ್ಟರು.

1936ರಲ್ಲಿ ‘ಗೋದಾನ’ ಪ್ರಕಟವಾಯಿತು. ಮನೆಯಲ್ಲೊಂದು ಹಸುವನ್ನು ಕಟ್ಟಬೇಕೆಂಬ ಆಸೆ ಹೊತ್ತು, ಸಾಲದ ಹೊರೆಯಡಿಯಲ್ಲಿಯೇ ಅಸುನೀಗುವ ಹೋರಿಯೆಂಬ ರೈತನ ಕಥೆಯದು. ಸಾಲವೆಂಬುದು ಮನುಷ್ಯನನ್ನು ದಿನದಿನಕ್ಕೆ ಹೇಗೆ ಸವೆಸುತ್ತದೆಂಬುದನ್ನು ಲೇಖಕರು ಬೇರೆಯವರಿಂದ ಕೇಳಿ ತಿಳಿಯಬೇಕಾಗಿರಲಿಲ್ಲ. ಅದೇ ವರ್ಷದ ಏಪ್ರಿಲಿನಲ್ಲಿ ಲಖನೌದಲ್ಲಿ ನಡೆದ ಪ್ರಗತಿಶೀಲ ಲೇಖಕರ ಪ್ರಥಮ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಸರ್ಕಾರ ‘ಹಂಸ’ಕ್ಕೆ ಠೇವಣಿ ಕೇಳಿದಾಗ, ರೋಗಶಯ್ಯೆಯಲ್ಲಿದ್ದರೂ ಅದನ್ನು ಕಟ್ಟಿಸಿ ಪತ್ರಿಕೆಯನ್ನು ಉಳಿಸಿದರು. ‘ಮಂಗಳಸೂತ್ರ’ವೆಂಬ ಕಾದಂಬರಿ ಅಪೂರ್ಣವಾಗಿರುವಾಗಲೇ 1936ರ ಅಕ್ಟೋಬರ್ 8ರಂದು ಐವತ್ತಾರರ ವಯಸ್ಸಿನಲ್ಲಿ ಅವರು ದಿವಂಗತರಾದರು.

ಅವರ ಕೃತಿಗಳು ಕನ್ನಡವೂ ಸೇರಿದಂತೆ ಅನೇಕ ಭಾಷೆಗಳಿಗೆ ಬಂದಿವೆ. ಮರಣಾನಂತರದ ಐವತ್ತು ವರ್ಷಗಳ ಕೃತಿಸ್ವಾಮ್ಯದ ಅವಧಿ 1986ರ ಕೊನೆಗೆ ತೀರಿತು. ಅಂದಿನಿಂದ ಅವರ ಹಿಂದಿ ಪುಸ್ತಕಗಳನ್ನು ಯಾರು ಬೇಕಾದರೂ ಅಚ್ಚು ಹಾಕಿ ಮಾರಬಹುದಾಗಿದೆ. ಬದುಕಿದ್ದಾಗ 450 ರೂಪಾಯಿ ತಂದ ಕೃತಿ ಇಂದು ಎಷ್ಟೋ ಪ್ರಕಾಶಕರಿಗೆ ಅನ್ನ ಕೊಡುತ್ತಿದೆ. ಬರೆದು ಬಾಳಬೇಕೆಂದು ಹೊರಡುವ ಇಂದಿನ ತರುಣರು ಅವರಿಂದ ಎರಡನ್ನೂ ಕಲಿಯಬೇಕು. ಓದುಗರಿರುವೆಡೆಯನ್ನು ಅರಸಿಕೊಂಡು ಹೋಗುವುದು, ಲೆಕ್ಕಪತ್ರವನ್ನು ಅಲಕ್ಷಿಸದಿರುವುದು ಲೇಖಕನಿಗೆ ಅವಮಾನವಲ್ಲ. ಆದರೆ ಲೇಖನಿ ಸಂಸಾರವನ್ನು ಸಲಹಬಹುದೇ ಹೊರತು ಸಂಸಾರದ ನೆಪದಲ್ಲಿ ಅದು ಇನ್ನೊಬ್ಬರ ಅಡಿಯಾಳಾಗಬಾರದು. ಮನೆಯಲ್ಲಿ ಎರಡು ಮಕ್ಕಳಿದ್ದಾಗ ಸರ್ಕಾರಿ ಸಂಬಳವನ್ನು ಬಿಟ್ಟ ಅಧ್ಯಾಪಕನ ಬದುಕು ಈ ಮಾತಿಗೆ ಸಾಕ್ಷಿಯಾಗಿ ನಿಂತಿದೆ.