ನಗಿಸುವ ಕಾಯಕದ ಗುಬ್ಬಿ ವೀರಣ್ಣನವರು

ತುಮಕೂರು ಜಿಲ್ಲೆಯ ಗುಬ್ಬಿ ಪಟ್ಟಣವು ಶ್ರೀ ಗೋಸಲ ಚನ್ನಬಸವೇಶ್ವರ ಸ್ವಾಮಿಯವರ ಸನ್ನಿಧಿಯಿಂದ ಪಾವನವಾದ ಸ್ಥಳ. ಇದೇ ಊರಿನಲ್ಲಿ 1884ರಲ್ಲಿ ಒಂದು ನಾಟಕ ಸಂಸ್ಥೆ ಹುಟ್ಟಿತು. ಅದಕ್ಕೆ ಸ್ವಾಮಿಯವರ ಹೆಸರನ್ನೇ ಇಟ್ಟು ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಎಂದು ಕರೆದರು. ಏಳು ವರ್ಷಗಳ ತರುವಾಯ, 1891ರಲ್ಲಿ ಅದೇ ಊರಿನಲ್ಲಿ ವೀರಣ್ಣನವರು ಜನಿಸಿದರು. ಎಳವೆಯಲ್ಲೇ ಅವರು ಕಂಪನಿಗೆ ಸೇರಿದರು. ಬೇರೆ ಮಕ್ಕಳು ಶಾಲೆಯಲ್ಲಿ ಅಕ್ಷರ ತಿದ್ದುವ ವಯಸ್ಸಿನಲ್ಲಿ ಈ ಬಾಲಕ ಬಣ್ಣ ಹಚ್ಚಿಕೊಂಡು ರಂಗದ ಮೇಲೆ ನಿಂತನು. ಅವರ ನಿಜವಾದ ವಿದ್ಯಾಭ್ಯಾಸವೆಲ್ಲ ಅಲ್ಲಿಯೇ ನಡೆಯಿತು.

ಅಂದಿನ ದಿನಗಳಲ್ಲಿ ನಾಟಕದವರೆಂದರೆ ಜನರಿಗೆ ಇದ್ದ ಭಾವನೆ ಎಂಥದೆಂಬುದು ಹಿರಿಯರಿಗೆ ತಿಳಿದ ವಿಷಯವೇ. ರಾತ್ರಿಯೆಲ್ಲ ಕುಳಿತು ನಾಟಕ ನೋಡಿ ತಲೆದೂಗಿದವರೇ ಬೆಳಗಾದ ಮೇಲೆ ಪಾತ್ರಧಾರಿಯನ್ನು ಮನೆಯ ಹೊಸ್ತಿಲೊಳಗೆ ಕರೆಯಲು ಹಿಂಜರಿಯುತ್ತಿದ್ದರು. ನಮ್ಮ ಸಮಾಜವೂ ಇದಕ್ಕೆ ಹೊರತಾಗಿರಲಿಲ್ಲವೆಂಬುದನ್ನು ಸಂಕೋಚವಿಲ್ಲದೆ ಒಪ್ಪಿಕೊಳ್ಳಬೇಕು. ಆದರೆ ಹನ್ನೆರಡನೆಯ ಶತಮಾನದ ಶರಣರ ಸಮೂಹದಲ್ಲಿ ವೇಷ ಕಟ್ಟಿ ಕುಣಿಯುವ ಬಹುರೂಪಿ ಚೌಡಯ್ಯನವರಿದ್ದರು, ಜನರನ್ನು ನಗಿಸುವುದನ್ನೇ ಕಾಯಕವಾಗಿಸಿಕೊಂಡ ನಗೆಯ ಮಾರಿತಂದೆಯವರಿದ್ದರು. ಅನುಭವ ಮಂಟಪದ ಪರಂಪರೆಯಲ್ಲಿ ಸ್ಥಾನ ಪಡೆದ ಕಾಯಕವನ್ನು ಏಳೆಂಟು ಶತಮಾನಗಳ ಮೇಲೆ ಅವರ ಅನುಯಾಯಿಗಳೇ ಹೀನವೆಂದು ಎಣಿಸಿದ್ದು ವಿಪರ್ಯಾಸ. ವೀರಣ್ಣನವರು ತಮ್ಮ ಆತ್ಮಕಥೆಗೆ ‘ಕಲೆಯೇ ಕಾಯಕ’ ಎಂದು ಹೆಸರಿಟ್ಟರು. ಆ ಎರಡು ಪದಗಳ ಹಿಂದೆ ಈ ಹಿನ್ನೆಲೆಯಿದೆಯೆಂದು ನಾನು ಭಾವಿಸುತ್ತೇನೆ.

ಅವರು ರಾಜಪಾತ್ರಗಳಿಂದ ಹೆಸರಾದವರಲ್ಲ, ಹಾಸ್ಯಪಾತ್ರಗಳಿಂದ ಹೆಸರಾದವರು. ಬೆಳ್ಳಾವೆ ನರಹರಿ ಶಾಸ್ತ್ರಿಗಳ ‘ಸದಾರಮೆ’ ನಾಟಕದಲ್ಲಿ ಅವರು ಕಟ್ಟುತ್ತಿದ್ದ ಕಳ್ಳನ ಪಾತ್ರವು ಮನೆಮಾತಾಯಿತು. ಕಥೆಯಲ್ಲಿ ಆತನು ನಾಯಕಿಯನ್ನು ವಂಚಿಸಿ ಕರೆದೊಯ್ಯುವ ದುಷ್ಟ. ಆದರೂ ಪ್ರೇಕ್ಷಕರು ಕಾಯುತ್ತಿದ್ದುದು ಆ ಕಳ್ಳನ ಪ್ರವೇಶಕ್ಕಾಗಿಯೇ. ಕೆಟ್ಟವನನ್ನು ಪ್ರೀತಿಸುವಂತೆ ಮಾಡದೆ, ಅವನ ಕೆಟ್ಟತನವನ್ನೇ ನಗೆಯ ವಸ್ತುವಾಗಿಸುವುದು ಸುಲಭದ ವಿದ್ಯೆಯಲ್ಲ. ಮೈಸೂರಿನ ಮಹಾರಾಜರು ಅವರ ಹಾಸ್ಯಪ್ರತಿಭೆಯನ್ನು ಮೆಚ್ಚಿ ‘ವರ್ಸಟೈಲ್ ಕಮೆಡಿಯನ್’ ಎಂಬ ಬಿರುದನ್ನಿತ್ತು ಗೌರವಿಸಿದರು. ಜನರು ನಾಟಕರತ್ನರೆಂದು ಕರೆದರು.

1917ರಲ್ಲಿ, ಇಪ್ಪತ್ತಾರರ ಹರೆಯದಲ್ಲಿ, ಕಂಪನಿಯ ಒಡೆತನ ಅವರ ಹೆಗಲಿಗೆ ಬಂದಿತು. ನಾಟಕ ಕಂಪನಿಯನ್ನು ನಡೆಸುವುದೆಂದರೆ ಚಲಿಸುವ ಊರೊಂದನ್ನು ಸಾಕುವುದು. ನಟರು, ವಾದ್ಯದವರು, ಪರದೆ ಬರೆಯುವವರು, ಅಡಿಗೆಯವರು, ಅವರೆಲ್ಲರ ಸಂಸಾರಗಳು. ಮಳೆ ಹಿಡಿದು ಟಿಕೀಟು ಮಾರಾಟವಾಗದ ದಿನವೂ ಪಂಕ್ತಿ ನಿಲ್ಲುವಂತಿಲ್ಲ. ಮಠದ ದಾಸೋಹದ ಲೆಕ್ಕ ನೋಡಿದವರಿಗೆ ಇದರ ಭಾರ ಎಷ್ಟೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಭಾರವಿದ್ದರೂ ಅವರು ಹಳೆಯ ಜಾಡಿನಲ್ಲೇ ಉಳಿಯಲಿಲ್ಲ. ಗಂಡಸರೇ ಹೆಣ್ಣುವೇಷ ಕಟ್ಟುತ್ತಿದ್ದ ಕಾಲದಲ್ಲಿ ಸ್ತ್ರೀಯರಿಗೆ ರಂಗದಲ್ಲಿ ಗೌರವದ ಸ್ಥಾನವನ್ನು ಕಲ್ಪಿಸಿದರು. ಅವರ ಪತ್ನಿಯರಾದ ಸುಂದರಮ್ಮನವರೂ ಬಿ. ಜಯಮ್ಮನವರೂ ಅಭಿನೇತ್ರಿಯರಾಗಿದ್ದರು. 1934ರ ‘ಕುರುಕ್ಷೇತ್ರ’ ನಾಟಕದಲ್ಲಿ ಜೀವಂತ ಆನೆ ಕುದುರೆಗಳನ್ನು ರಂಗದ ಮೇಲೆ ತಂದು ಜನರನ್ನು ಬೆರಗುಗೊಳಿಸಿದರು. ಇದಕ್ಕೂ ಮೊದಲೇ ಚಲನಚಿತ್ರದತ್ತ ಅವರ ದೃಷ್ಟಿ ಹರಿದಿತ್ತು. 1930ರ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ ‘ಹಿಸ್ ಲವ್ ಅಫೇರ್’, ‘ಹರಿಮಾಯಾ’ ಮುಂತಾದ ಮೂಕಿ ಚಿತ್ರಗಳನ್ನು ತಯಾರಿಸಿದರು. ಅಷ್ಟರಲ್ಲಿ ಮಾತನಾಡುವ ಚಿತ್ರಗಳು ಬಂದವು, ಮೂಕಿಯ ಯುಗ ಮುಗಿಯಿತು. ಅವರು ಎದೆಗುಂದಲಿಲ್ಲ. ‘ಸುಭದ್ರಾ’, ‘ಜೀವನ ನಾಟಕ’ ಚಿತ್ರಗಳ ನಂತರ ಅವರು ನಿರ್ಮಿಸಿದ ‘ಹೇಮರೆಡ್ಡಿ ಮಲ್ಲಮ್ಮ’ ನಮ್ಮ ಭಕ್ತವೃಂದಕ್ಕೆ ವಿಶೇಷವಾಗಿ ಆಪ್ತವಾದುದು. ಶ್ರೀಶೈಲ ಮಲ್ಲಿಕಾರ್ಜುನನ ಭಕ್ತೆಯ ಚರಿತ್ರೆಯು ಪುರಾಣ ಪ್ರವಚನದ ಆವರಣವನ್ನು ದಾಟಿ ಬೆಳ್ಳಿತೆರೆಯ ಮೂಲಕ ಸಾಮಾನ್ಯರ ಮನೆಗಳನ್ನು ತಲುಪಿತು.

ಪುರಾತನರಲ್ಲಿ ಒಬ್ಬರಾದ ಕಣ್ಣಪ್ಪನ ಕಥೆಯನ್ನು ಕಂಪನಿಯು ರಂಗದ ಮೇಲೆ ತಂದಿತ್ತು. 1954ರಲ್ಲಿ ಅದು ‘ಬೇಡರ ಕಣ್ಣಪ್ಪ’ ಎಂಬ ಚಿತ್ರವಾದಾಗ ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನದಲ್ಲಿ ನಾಯಕನ ಪಾತ್ರ ವಹಿಸಿದವರು ಮುತ್ತುರಾಜ್ ಎಂಬ ತರುಣ. ಆತನ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಇದೇ ಕಂಪನಿಯ ನಟರು. ಆ ತರುಣನನ್ನು ನಾಡು ರಾಜಕುಮಾರ್ ಎಂದು ಅರಿಯಿತು. ಜಿ.ವಿ. ಅಯ್ಯರ್, ಬಾಲಕೃಷ್ಣ, ನರಸಿಂಹರಾಜು ಮೊದಲಾದವರೂ ಇದೇ ಪಂಕ್ತಿಯಲ್ಲಿ ಉಂಡು ಬೆಳೆದವರು. ಮನೆ ಬಿಟ್ಟು ಬಂದು ಕಂಪನಿ ಸೇರಿದ್ದ ಬಿ.ವಿ. ಕಾರಂತರನ್ನು ವೀರಣ್ಣನವರು ಹೆಚ್ಚಿನ ವ್ಯಾಸಂಗಕ್ಕಾಗಿ ಕಾಶಿಗೆ ಕಳುಹಿಸಿಕೊಟ್ಟರು. ತಮಗೆ ದೊರೆಯದ ಶಾಲೆಯ ಓದನ್ನು ಇನ್ನೊಬ್ಬರ ಮಗನಿಗೆ ಒದಗಿಸಿದ ಈ ಸಂಗತಿಯು ಅವರಿಗೆ ಬಂದ ಬಿರುದುಗಳಿಗಿಂತ ದೊಡ್ಡದೆಂದು ನನಗೆ ತೋರುತ್ತದೆ.

1955ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿಯೂ 1972ರಲ್ಲಿ ಪದ್ಮಶ್ರೀಯೂ ಅವರನ್ನು ಅರಸಿ ಬಂದವು. ಅದೇ 1972ರ ಅಕ್ಟೋಬರ್ 18ರಂದು ಅವರು ಲಿಂಗೈಕ್ಯರಾದರು. ರಂಗಭೂಮಿಯ ಸಾಧಕರಿಗೆ ರಾಜ್ಯ ಸರ್ಕಾರವು ಅವರ ಹೆಸರಿನ ಪ್ರಶಸ್ತಿಯನ್ನು ನೀಡುತ್ತಿದೆ. ತುಮಕೂರಿನ ರಂಗಮಂದಿರಕ್ಕೂ ಅವರದೇ ಹೆಸರು.