ಸುಟ್ಟ ಮುಖಗಳನ್ನು ಸರಿಪಡಿಸಿದ ವೈದ್ಯ

ಮಕ್ಕಳೇ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ನೀವು ಅಡಿಕೆ ಬೇಯಿಸುವ ಚೊಗರನ್ನು ನೋಡಿರುತ್ತೀರಿ. ಅದರ ಒಗರಿಗೆ ಟ್ಯಾನಿನ್ ಕಾರಣ. ಹಿಂದೆ ವೈದ್ಯರು ಸುಟ್ಟಗಾಯಕ್ಕೆ ಇದೇ ಗುಂಪಿನ ಟ್ಯಾನಿಕ್ ಆಮ್ಲ ಹಚ್ಚುತ್ತಿದ್ದರು. ಗಾಯದ ಮೇಲೆ ಗಟ್ಟಿ ಹಕ್ಕಳೆ ಕಟ್ಟಿ ಬೆರಳುಗಳು ಸೆಟೆದುಕೊಳ್ಳುತ್ತಿದ್ದವು.

ಈ ಪದ್ಧತಿಯನ್ನು ವಿರೋಧಿಸಿದವರು ಡಾ. ಆರ್ಚಿಬಾಲ್ಡ್ ಮ್ಯಾಕಿಂಡೋ. 1900ರಲ್ಲಿ ನ್ಯೂಜಿಲೆಂಡಿನಲ್ಲಿ ಜನಿಸಿದ ಇವರು, ಎರಡನೇ ಮಹಾಯುದ್ಧದಲ್ಲಿ ಬೆಂಕಿಗೆ ಸಿಕ್ಕ ವಿಮಾನ ಚಾಲಕರಿಗೆ ಇಂಗ್ಲೆಂಡಿನಲ್ಲಿ ಚಿಕಿತ್ಸೆ ನೀಡಿದರು. ಸಮುದ್ರಕ್ಕೆ ಬಿದ್ದವರ ಗಾಯ ಚೆನ್ನಾಗಿ ಮಾಯುವುದನ್ನು ಗಮನಿಸಿ, ಆಸ್ಪತ್ರೆಯಲ್ಲಿ ಉಪ್ಪುನೀರಿನ ಸ್ನಾನ ಮಾಡಿಸಿದರು. ದೇಹದ ಬೇರೆಡೆಯ ಚರ್ಮವನ್ನು ಕಸಿ ಮಾಡಿ ಮುಖ, ಕೈಗಳನ್ನು ಸರಿಪಡಿಸಿದರು. 1960ರಲ್ಲಿ ನಿಧನರಾದರು.

ನಿಮಗೆ ಸುಟ್ಟರೆ ಉಪ್ಪು, ಶಾಯಿ, ಟೂತ್‌ಪೇಸ್ಟ್ ಹಚ್ಚಬೇಡಿ. 20 ನಿಮಿಷ ತಣ್ಣನೆಯ ಶುದ್ಧ ನೀರು ಹರಿಸಿ, ವೈದ್ಯರಿಗೆ ತೋರಿಸಿ.