ಎಂಜಿನ್ ಸದ್ದು ಅಡಗಿಸಿದ ಥಾಮಸ್ ಮಿಡ್ಗ್ಲಿ: ಪೆಟ್ರೋಲಿಗೆ ಸೀಸ ಬೆರೆತ ಕಥೆ

ಪೆಟ್ರೋಲ್ ಟ್ಯಾಂಕಿಗೆ ಒಂದು ಪುಟ್ಟ ಬಾಟಲಿ ದ್ರವ ಸುರಿದರೆ ಸಾಕು, ಎಂಜಿನ್ ಒಳಗಿನ ಕಾರ್ಬನ್ ಎಲ್ಲ ಕರಗಿ ಗಾಡಿ ಹೊಸದರಂತಾಗುತ್ತದೆ ಎನ್ನುವ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರಬಹುದು. ಕೆಲವು ಮೆಸೇಜ್‌ಗಳಲ್ಲಿ ಬಾಟಲಿಯ ಜಾಗದಲ್ಲಿ ನುಸಿಗುಳಿಗೆ ಇರುತ್ತದೆ, ಇನ್ನು ಕೆಲವದರಲ್ಲಿ ಕರ್ಪೂರ. ಜಯನಗರದ ಸೌತ್ ಎಂಡ್ ಸರ್ಕಲ್‌ನಿಂದ ಬನಶಂಕರಿಯವರೆಗೆ ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವ, ದಿನಕ್ಕೆ ನಾಲ್ಕೈದು ಕಿಲೋಮೀಟರ್ ಮಾತ್ರ ಓಡುವ ಗಾಡಿಗಳಲ್ಲಿ ಕಾರ್ಬನ್ ಕೂರುವುದು ನಿಜ. ಆದ್ದರಿಂದಲೇ ಇಂಥ ಮೆಸೇಜ್‌ಗಳನ್ನು ಜನ ಬೇಗ ನಂಬುತ್ತಾರೆ.

ಇಂಧನಕ್ಕೆ ಏನನ್ನಾದರೂ ಬೆರೆಸಿ ಎಂಜಿನ್ ಸರಿಮಾಡುವ ಆಸೆ ಹೊಸದಲ್ಲ. ನೂರು ವರ್ಷಗಳ ಹಿಂದೆ ಒಬ್ಬ ಎಂಜಿನಿಯರ್ ಅದನ್ನು ಯಶಸ್ವಿಯಾಗಿ ಮಾಡಿ ತೋರಿಸಿದ. ಅವನು ಬೆರೆಸಿದ ವಸ್ತು ಬೆಂಗಳೂರಿನ ಮಕ್ಕಳ ರಕ್ತದವರೆಗೂ ಬಂತು. ಬಾಟಲಿಯ ವಿಷಯಕ್ಕೆ ಹೋಗುವ ಮೊದಲು ಅವನ ಬದುಕನ್ನು ನೋಡೋಣ.

ಯಾರು ಈ ಮಿಡ್ಗ್ಲಿ?

ಥಾಮಸ್ ಮಿಡ್ಗ್ಲಿ ಹುಟ್ಟಿದ್ದು 1889ರ ಮೇ 18ರಂದು, ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಬೀವರ್ ಫಾಲ್ಸ್ ಎಂಬ ಊರಿನಲ್ಲಿ. ತಂದೆಯೂ ಸಂಶೋಧಕ, ಗಾಡಿಗಳ ಟೈರ್ ಸುಧಾರಿಸುವ ಕೆಲಸದಲ್ಲಿದ್ದವರು. ಮಿಡ್ಗ್ಲಿ ಬೆಳೆದದ್ದು ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ. 1911ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದರು. ಅಂದರೆ, ಮುಂದೆ ಅಮೆರಿಕದ ಅತಿ ಹೆಸರುವಾಸಿ ರಸಾಯನಶಾಸ್ತ್ರಜ್ಞರಲ್ಲಿ ಒಬ್ಬರಾದ ಇವರು ಕಾಲೇಜಿನಲ್ಲಿ ಓದಿದ್ದು ರಸಾಯನಶಾಸ್ತ್ರವನ್ನಲ್ಲ.

1916ರಲ್ಲಿ ಡೇಟನ್ ನಗರದಲ್ಲಿ ಚಾರ್ಲ್ಸ್ ಕೆಟರಿಂಗ್ ಅವರ ಪ್ರಯೋಗಾಲಯ ಸೇರಿದರು. ಕಾರಿಗೆ ಸೆಲ್ಫ್ ಸ್ಟಾರ್ಟರ್ ತಂದುಕೊಟ್ಟವರು ಈ ಕೆಟರಿಂಗ್. ಆ ಪ್ರಯೋಗಾಲಯ ಕೆಲವೇ ವರ್ಷಗಳಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ಪಾಲಾಯಿತು. ಅಲ್ಲಿ ಮಿಡ್ಗ್ಲಿಗೆ ಸಿಕ್ಕ ಕೆಲಸ ಒಂದೇ: ಎಂಜಿನ್ ಯಾಕೆ ಕಟಕಟ ಎನ್ನುತ್ತದೆ ಎಂದು ಪತ್ತೆ ಮಾಡುವುದು.

ಕಟಕಟ ಸದ್ದಿನ ಹಿಂದೆ ಏನಿದೆ?

ಪೆಟ್ರೋಲ್ ಎಂಜಿನ್‌ನಲ್ಲಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಪಿಸ್ಟನ್ ಒತ್ತುತ್ತದೆ. ಸ್ಪಾರ್ಕ್ ಪ್ಲಗ್ ಕಿಡಿ ಕೊಟ್ಟಾಗ ಅದು ಒಂದು ಕಡೆಯಿಂದ ಸಮವಾಗಿ ಉರಿಯುತ್ತಾ ಹೋಗಬೇಕು. ಬೆಂಕಿ ತಲುಪುವ ಮೊದಲೇ ಉಳಿದ ಮಿಶ್ರಣ ಬಿಸಿಗೆ ತಾನಾಗಿ ಸಿಡಿದರೆ ಕಟಕಟ ಸದ್ದು ಬರುತ್ತದೆ. ಇದೇ ನಾಕಿಂಗ್. ಹೀಗೇ ಬಿಟ್ಟರೆ ಪಿಸ್ಟನ್ ಹಾಳಾಗುತ್ತದೆ.

ಒಳಗೆ ಕಾರ್ಬನ್ ಕೂತಿದ್ದರೆ ಈ ತೊಂದರೆ ಹೆಚ್ಚು. ಕಾರ್ಬನ್ ಪದರ ಜಾಗ ಕಡಿಮೆ ಮಾಡಿ ಒತ್ತಡ ಹೆಚ್ಚಿಸುತ್ತದೆ, ಬಿಸಿಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಹಳೇ ಸ್ಕೂಟರ್ ಕಾಲದಲ್ಲಿ ಮೆಕ್ಯಾನಿಕ್‌ಗಳು ಹೆಡ್ ಬಿಚ್ಚಿ ಕಾರ್ಬನ್ ಕೆರೆದು ಕೊಡುತ್ತಿದ್ದುದು ಇದಕ್ಕಾಗಿಯೇ. ಆದರೆ ಎಂಜಿನ್ ಸ್ವಚ್ಛವಾಗಿದ್ದರೂ ಪೆಟ್ರೋಲಿನ ಗುಣ ಕಳಪೆಯಾಗಿದ್ದರೆ ನಾಕಿಂಗ್ ತಪ್ಪದು. ದೋಷ ಇಂಧನದಲ್ಲೇ ಇದೆ ಎಂಬುದನ್ನು ಮಿಡ್ಗ್ಲಿ ಗುರುತಿಸಿದರು.

ತಪ್ಪು ಊಹೆ, ಸರಿಯಾದ ದಾರಿ

ಇಂಧನಕ್ಕೆ ಕೆಂಪು ಬಣ್ಣ ಹಾಕಿದರೆ ಅದು ಬಿಸಿ ಹೀರಿಕೊಂಡು ಬೇಗ ಆವಿಯಾಗಬಹುದು ಎಂಬುದು ಮೊದಲ ಊಹೆ. ಎಣ್ಣೆಯಲ್ಲಿ ಕರಗುವ ಕೆಂಪು ಬಣ್ಣ ಕೈಗೆ ಸಿಗದೆ ಅಯೋಡಿನ್ ಹಾಕಿದರು. ಸದ್ದು ಕಡಿಮೆಯಾಯಿತು! ಆಮೇಲೆ ನಿಜವಾದ ಕೆಂಪು ಬಣ್ಣಗಳನ್ನು ಹಾಕಿ ನೋಡಿದರೆ ಏನೂ ಆಗಲಿಲ್ಲ. ಕೆಲಸ ಮಾಡಿದ್ದು ಬಣ್ಣವಲ್ಲ, ಅಯೋಡಿನ್‌ನ ರಾಸಾಯನಿಕ ಗುಣ ಎಂಬುದು ಗೊತ್ತಾಯಿತು. ಆದರೆ ಅಯೋಡಿನ್ ದುಬಾರಿ, ಲೋಹವನ್ನೂ ತಿನ್ನುತ್ತದೆ.

ಅಲ್ಲಿಂದ ಹುಡುಕಾಟ ವರ್ಷಗಟ್ಟಲೆ ನಡೆಯಿತು. ಅನಿಲೀನ್, ಸೆಲೆನಿಯಂ, ಟೆಲ್ಯುರಿಯಂ ಎಲ್ಲ ಪರೀಕ್ಷೆಯಾದವು. ಟೆಲ್ಯುರಿಯಂ ಚೆನ್ನಾಗಿಯೇ ಕೆಲಸ ಮಾಡಿತು, ಆದರೆ ಅದರ ಬೆಳ್ಳುಳ್ಳಿಯಂಥ ನಾತ ಮೈಬಿಟ್ಟು ಹೋಗುತ್ತಿರಲಿಲ್ಲ. ಕೊನೆಗೆ 1921ರ ಡಿಸೆಂಬರ್ 9ರಂದು ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತವನ್ನು ಬೆರೆಸಿದಾಗ ಸದ್ದು ಪೂರ್ತಿ ನಿಂತಿತು. ಒಂದು ಗ್ಯಾಲನ್ ಪೆಟ್ರೋಲಿಗೆ ಸುಮಾರು 3 ಮಿಲಿಲೀಟರ್ ಸಾಕಾಗುತ್ತಿತ್ತು.

ಇನ್ನೊಂದು ದಾರಿಯೂ ಆಗ ಇತ್ತು. ಎಥನಾಲ್, ಅಂದರೆ ಮದ್ಯಸಾರ ಬೆರೆಸಿದರೂ ನಾಕಿಂಗ್ ನಿಲ್ಲುತ್ತದೆ ಎಂಬುದು ಮಿಡ್ಗ್ಲಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅದನ್ನು ಬಹಳ ಹೆಚ್ಚು ಪ್ರಮಾಣದಲ್ಲಿ ಹಾಕಬೇಕು. ಯಾರು ಬೇಕಾದರೂ ತಯಾರಿಸಬಹುದಾದ ವಸ್ತುವಿನಿಂದ ಪೇಟೆಂಟ್ ಲಾಭವೂ ಬಾರದು. ಕಂಪನಿ ಸೀಸವನ್ನೇ ಆರಿಸಿತು. 1923ರ ಫೆಬ್ರುವರಿಯಲ್ಲಿ ಡೇಟನ್ ನಗರದ ಬಂಕ್ ಒಂದರಲ್ಲಿ ಮಾರಾಟ ಶುರುವಾಯಿತು. ಇಟ್ಟ ಹೆಸರು ಈಥೈಲ್. ಹೆಸರಿನಲ್ಲಿ ಸೀಸದ ಸುಳಿವೇ ಇರಲಿಲ್ಲ.

ಎಂಜಿನ್ ಸ್ವಚ್ಛ, ಹೊರಗೆ ವಿಷ

ಸೀಸ ಹಾಕಿದ ಪೆಟ್ರೋಲಿಗೆ ಒಂದು ಅಡ್ಡಿ ಎದುರಾಯಿತು. ಉರಿದ ಮೇಲೆ ಸೀಸದ ಆಕ್ಸೈಡ್ ಸ್ಪಾರ್ಕ್ ಪ್ಲಗ್ ಮತ್ತು ವಾಲ್ವ್‌ಗಳ ಮೇಲೆ ಗಟ್ಟಿ ಪದರವಾಗಿ ಕೂರುತ್ತಿತ್ತು. ಕಟಕಟ ನಿಲ್ಲಿಸಲು ಹೋಗಿ ಹೊಸ ಕೊಳೆ ಬಂದಿತ್ತು. ಅದಕ್ಕೆ ಮಿಡ್ಗ್ಲಿ ತಂಡ ಕಂಡುಕೊಂಡ ಉಪಾಯ, ಬ್ರೋಮಿನ್ ಇರುವ ಇನ್ನೊಂದು ರಾಸಾಯನಿಕವನ್ನು ಜೊತೆಗೆ ಬೆರೆಸುವುದು. ಅದು ಸೀಸದೊಂದಿಗೆ ಸೇರಿ, ಎಂಜಿನ್ ಬಿಸಿಯಲ್ಲಿ ಆವಿಯಾಗಬಲ್ಲ ಲೆಡ್ ಬ್ರೋಮೈಡ್ ಆಗಿ ಸೈಲೆನ್ಸರ್ ಮೂಲಕ ಹೊರಗೆ ಹೋಗುತ್ತಿತ್ತು. ಎಂಜಿನ್ ಕ್ಲೀನ್ ಆಯಿತು. ಸೀಸ ಮಾತ್ರ ಎಲ್ಲೂ ಮಾಯವಾಗಲಿಲ್ಲ. ರಸ್ತೆಯ ಗಾಳಿಗೆ, ಧೂಳಿಗೆ, ಮಣ್ಣಿಗೆ ಸೇರಿತು.

ಸೀಸ ವಿಷ ಎಂಬುದು ಆಗಲೇ ಎಲ್ಲರಿಗೂ ತಿಳಿದಿದ್ದ ಸಂಗತಿ. 1923ರ ಆರಂಭದಲ್ಲಿ ಸ್ವತಃ ಮಿಡ್ಗ್ಲಿ ಸೀಸದ ಪರಿಣಾಮದಿಂದ ಬಳಲಿ, ಕೆಲಸ ಬಿಟ್ಟು ಫ್ಲಾರಿಡಾಕ್ಕೆ ವಿಶ್ರಾಂತಿಗೆ ಹೋಗಬೇಕಾಯಿತು. 1924ರ ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಯ ಬೇವೇ ಸಂಸ್ಕರಣಾಗಾರದಲ್ಲಿ ಈ ದ್ರವ ತಯಾರಿಸುತ್ತಿದ್ದ ಕಾರ್ಮಿಕರು ಭ್ರಮೆಗೆ ಒಳಗಾಗಿ ಕೂಗಾಡತೊಡಗಿದರು. ಐವರು ಸತ್ತರು. ನ್ಯೂಯಾರ್ಕ್ ನಗರ ಈ ಪೆಟ್ರೋಲನ್ನು ನಿಷೇಧಿಸಿತು.

ಆ ತಿಂಗಳ 30ರಂದು ಮಿಡ್ಗ್ಲಿ ಪತ್ರಕರ್ತರನ್ನು ಕರೆದು, ದ್ರವವನ್ನು ಕೈಗೆ ಸುರಿದುಕೊಂಡು, ಸುಮಾರು ಒಂದು ನಿಮಿಷ ಅದರ ಆವಿ ಮೂಸಿ ತೋರಿಸಿದರು. ಇದರಿಂದ ಏನೂ ಆಗುವುದಿಲ್ಲ ಎಂದು ಸಾಧಿಸುವುದು ಉದ್ದೇಶ. ತಾವೇ ಸೀಸದಿಂದ ಬಳಲಿದ ವಿಷಯವನ್ನು ಮುಚ್ಚಿಟ್ಟು ಮಾಡಿದ ಪ್ರದರ್ಶನ ಅದು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದೊಂದು ಡೆಮೊ ವಿಡಿಯೋ. ಒಂದು ನಿಮಿಷದ ಡೆಮೊ ನಿಧಾನ ವಿಷದ ಬಗ್ಗೆ ಏನನ್ನೂ ಹೇಳುವುದಿಲ್ಲ.

1926ರಲ್ಲಿ ಸರ್ಕಾರಿ ಸಮಿತಿಯೊಂದು ನಿಷೇಧಕ್ಕೆ ಸಾಕಷ್ಟು ಕಾರಣ ಇಲ್ಲ ಎಂದಿತು. ಮಾರಾಟ ಮುಂದುವರಿದು ಜಗತ್ತಿಗೆಲ್ಲ ಹರಡಿತು.

ಫ್ರಿಜ್, ಪದಕಗಳು, ಸಾವು

ಮಿಡ್ಗ್ಲಿ ಅಲ್ಲಿಗೆ ನಿಲ್ಲಲಿಲ್ಲ. ಅಂದಿನ ಫ್ರಿಜ್‌ಗಳಲ್ಲಿ ವಿಷಕಾರಿ ಅಥವಾ ಹೊತ್ತಿಕೊಳ್ಳುವ ಅನಿಲ ಇರುತ್ತಿತ್ತು, ಸೋರಿದರೆ ಪ್ರಾಣಕ್ಕೇ ಕುತ್ತು. ಅದರ ಬದಲಿಗೆ ಅವರ ತಂಡ ಫ್ರಿಯಾನ್ ಅನಿಲ ತಯಾರಿಸಿತು. 1930ರಲ್ಲಿ ವಿಜ್ಞಾನಿಗಳ ಸಭೆಯಲ್ಲಿ ಮಿಡ್ಗ್ಲಿ ಅದನ್ನು ಉಸಿರಿಗೆ ಎಳೆದುಕೊಂಡು, ಉರಿಯುವ ಮೇಣದಬತ್ತಿಯ ಮೇಲೆ ಊದಿ ಆರಿಸಿದರು. ಮನೆಯೊಳಗೆ ಅದು ನಿಜವಾಗಿಯೂ ಸುರಕ್ಷಿತವಾಗಿತ್ತು. ಆದರೆ ಈ ಗುಂಪಿನ ಅನಿಲಗಳು ಓಝೋನ್ ಪದರವನ್ನು ತಿನ್ನಬಲ್ಲವು ಎಂಬುದು ಹೊರಬಿದ್ದದ್ದು 1974ರಲ್ಲಿ.

ಬದುಕಿದ್ದಾಗ ಅವರಿಗೆ ಸಿಕ್ಕಿದ್ದು ಗೌರವವೇ. 1941ರಲ್ಲಿ ಪ್ರೀಸ್ಟ್ಲಿ ಪದಕ ಬಂತು, 1944ರಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿಯ ಅಧ್ಯಕ್ಷರಾದರು. ಆದರೆ 1940ರಲ್ಲೇ ಪೋಲಿಯೊ ಬಂದು ಕಾಲುಗಳ ಸ್ವಾಧೀನ ಹೋಗಿತ್ತು. ಹಾಸಿಗೆಯಿಂದ ಏಳಲು ಹಗ್ಗ ಮತ್ತು ರಾಟೆಗಳ ಸಾಧನವೊಂದನ್ನು ತಾವೇ ಮಾಡಿಕೊಂಡಿದ್ದರು. 1944ರ ನವೆಂಬರ್ 2ರಂದು ಆ ಹಗ್ಗಗಳಲ್ಲೇ ಕುತ್ತಿಗೆ ಸಿಕ್ಕಿ ತೀರಿಕೊಂಡರು. ವಯಸ್ಸು 55. ಅದು ಅವಘಡವೆಂದು ಕೆಲವರು, ಆತ್ಮಹತ್ಯೆಯೆಂದು ಕೆಲವರು ಬರೆದಿದ್ದಾರೆ.

ಬೆಂಗಳೂರಿಗೆ ಬಂದ ಸೀಸ

ಜಯನಗರ ಬಡಾವಣೆಗೆ ಅಡಿಪಾಯ ಬಿದ್ದದ್ದು 1948ರಲ್ಲಿ, ಮಿಡ್ಗ್ಲಿ ಸತ್ತು ನಾಲ್ಕು ವರ್ಷಗಳ ಮೇಲೆ. ಅದರ ಅಗಲ ರಸ್ತೆಗಳಲ್ಲಿ ದಶಕಗಳ ಕಾಲ ಸೀಸದ ಪೆಟ್ರೋಲಿನ ಗಾಡಿಗಳೇ ಓಡಿದವು. ಸೀಸದ ಹಾನಿ ಹೆಚ್ಚಾಗಿ ಮಕ್ಕಳಿಗೆ. ಅದು ಬೆಳೆಯುವ ಮಿದುಳನ್ನು ಕೆಡಿಸುತ್ತದೆ, ಕಲಿಕೆಯನ್ನು ಕುಗ್ಗಿಸುತ್ತದೆ. ಇಷ್ಟಿದ್ದರೆ ಪರವಾಗಿಲ್ಲ ಎನ್ನಬಹುದಾದ ಮಟ್ಟವೇ ಇಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು.

1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್ ಬೆಂಗಳೂರೂ ಸೇರಿ ದೇಶದ ಏಳು ನಗರಗಳಲ್ಲಿ ರಕ್ತ ಪರೀಕ್ಷೆ ನಡೆಸಿತು. ಪರೀಕ್ಷಿಸಿದ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರ ರಕ್ತದಲ್ಲಿ ಸೀಸ, ಅಂದು ಅಪಾಯದ ಗೆರೆ ಎನಿಸಿದ್ದ ಡೆಸಿಲೀಟರ್‌ಗೆ 10 ಮೈಕ್ರೋಗ್ರಾಂ ಅನ್ನು ಮುಟ್ಟಿತ್ತು ಅಥವಾ ದಾಟಿತ್ತು. ಈ ವಿಷಯ ಕುರಿತು 1999ರಲ್ಲಿ ಬೆಂಗಳೂರಿನಲ್ಲೇ ಅಂತರರಾಷ್ಟ್ರೀಯ ಸಮಾವೇಶ ನಡೆಯಿತು. ಬಿಟಿಎಂ ಲೇಔಟ್‌ಗೆ ಹತ್ತಿರದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನಶಾಸ್ತ್ರ ಪ್ರಾಧ್ಯಾಪಕ ಡಾ. ತುಪ್ಪಿಲ್ ವೆಂಕಟೇಶ್ ಈ ಕೆಲಸದಲ್ಲಿ ಮುಂದೆ ನಿಂತವರು. ಸೀಸದ ವಿಷಕ್ಕೆಂದೇ ರಾಷ್ಟ್ರೀಯ ಕೇಂದ್ರವೊಂದು ಅಲ್ಲಿ ಶುರುವಾಯಿತು.

ಸೀಸರಹಿತ ಪೆಟ್ರೋಲ್ 1995ರ ಏಪ್ರಿಲ್‌ನಲ್ಲಿ ನಾಲ್ಕು ಮಹಾನಗರಗಳಿಗೆ ಬಂತು. 2000ದ ಫೆಬ್ರುವರಿ 1ರಿಂದ ಇಡೀ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಡೇಟನ್‌ನಲ್ಲಿ ಮಾರಾಟ ಶುರುವಾದದ್ದೂ ಒಂದು ಫೆಬ್ರುವರಿಯಲ್ಲೇ, ನಡುವೆ 77 ವರ್ಷ. ಕಾರುಗಳಿಗೆ ಇದನ್ನು ಮಾರುತ್ತಿದ್ದ ಕೊನೆಯ ದೇಶ ಅಲ್ಜೀರಿಯಾ, ಅಲ್ಲಿ 2021ರಲ್ಲಿ ನಿಂತಿತು. ಇಂದು ನಮ್ಮ ಬಂಕ್‌ಗಳಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ನಾಕಿಂಗ್ ತಡೆಯಲು ನೆರವಾಗುವುದು ಅಂದು ಪಕ್ಕಕ್ಕೆ ಸರಿಸಿದ ಅದೇ ಎಥನಾಲ್.

ಹಾಗಾದರೆ ಇಂದಿನ ಬಾಟಲಿ?

ಇಂದಿನ ಒಳ್ಳೆಯ ಎಂಜಿನ್ ಕ್ಲೀನರ್‌ಗಳಲ್ಲಿ ಸೀಸ ಇಲ್ಲ. ಅವುಗಳಲ್ಲಿರುವುದು ಪಾಲಿಈಥರ್ ಅಮೈನ್‌ನಂಥ ಡಿಟರ್ಜೆಂಟ್. ಇಂಧನ ಹರಿದುಹೋಗುವ ಜಾಗಗಳಲ್ಲಿ, ಮುಖ್ಯವಾಗಿ ಇಂಜೆಕ್ಟರ್‌ಗಳಲ್ಲಿ ಕೂತ ಕೊಳೆಯನ್ನು ಇದು ಮೆಲ್ಲನೆ ಬಿಡಿಸುತ್ತದೆ. ಪವಾಡವೇನೂ ಇಲ್ಲ. ಇಷ್ಟನ್ನು ನೆನಪಿಡಿ:

ಒಂದು, ಇಂಧನ ಮುಟ್ಟದ ಜಾಗವನ್ನು ಟ್ಯಾಂಕಿಗೆ ಸುರಿದ ದ್ರವವೂ ಮುಟ್ಟದು. ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಪೆಟ್ರೋಲ್ ನೇರ ಸಿಲಿಂಡರ್‌ಗೆ ಹೋಗುವುದರಿಂದ, ಇನ್‌ಟೇಕ್ ವಾಲ್ವ್ ಹಿಂದಿನ ಕಾರ್ಬನ್‌ಗೆ ಬಾಟಲಿಯಿಂದ ಪ್ರಯೋಜನವಿಲ್ಲ.

ಎರಡು, ನುಸಿಗುಳಿಗೆ, ಕರ್ಪೂರ ಟ್ಯಾಂಕಿಗೆ ಹಾಕಲೇಬೇಡಿ. ನುಸಿಗುಳಿಗೆಯ ನ್ಯಾಫ್ತಲೀನ್ ಪೆಟ್ರೋಲಿನಲ್ಲಿ ಕರಗಿದರೂ ಮತ್ತೆ ಹರಳುಗಟ್ಟಿ ಫಿಲ್ಟರ್ ಮತ್ತು ಇಂಜೆಕ್ಟರ್ ಕಟ್ಟಿಸಬಹುದು.

ಮೂರು, ಕಬ್ಬಿಣ ಅಥವಾ ಮ್ಯಾಂಗನೀಸ್ ಇರುವ ದ್ರವಗಳು ನಾಕಿಂಗ್ ಕಡಿಮೆ ಮಾಡಿದರೂ ಸ್ಪಾರ್ಕ್ ಪ್ಲಗ್ ಮೇಲೆ ತಮ್ಮದೇ ಪದರ ಬಿಡುತ್ತವೆ. ಏನಿದೆ ಎಂದು ಬರೆಯದ ಬಾಟಲಿ ಕೊಳ್ಳಬೇಡಿ.

ನಾಲ್ಕು, ಗಾಡಿ ಜರ್ಕ್ ಹೊಡೆಯುತ್ತಿದ್ದರೆ ಕಾರಣ ಕಾರ್ಬನ್ನೇ ಆಗಿರಬೇಕಿಲ್ಲ. ಏರ್ ಫಿಲ್ಟರ್, ಪ್ಲಗ್, ಸೆನ್ಸರ್ ಮೊದಲು ನೋಡಿಸಿ. ಗಾಡಿಯ ಕೈಪಿಡಿಯಲ್ಲಿ ಬೇಡ ಎಂದಿರುವ ದ್ರವವನ್ನು ಹಾಕಬೇಡಿ.

ಎಂಜಿನ್ ಕ್ಲೀನ್ ಆಗುತ್ತದೆ ಎನ್ನುವ ಮುಂದಿನ ವಿಡಿಯೋ ಬಂದಾಗ ಎರಡು ಪ್ರಶ್ನೆ ಕೇಳಿ: ಬಾಟಲಿಯಲ್ಲಿ ಏನಿದೆ? ಬಿಟ್ಟುಬಂದ ಕೊಳೆ ಎಲ್ಲಿಗೆ ಹೋಗುತ್ತದೆ? ಮಿಡ್ಗ್ಲಿಯ ಕಾಲದಲ್ಲಿ ಎರಡನೆಯ ಪ್ರಶ್ನೆಗೆ ಸಿಕ್ಕ ಉತ್ತರ, ಗಾಳಿಗೆ ಮತ್ತು ಮಕ್ಕಳ ರಕ್ತಕ್ಕೆ. ಉತ್ತರ ಇಲ್ಲದ ವಿಡಿಯೋವನ್ನು ಫಾರ್ವರ್ಡ್ ಮಾಡಬೇಡಿ.